ನಮ್ಮ ಮಾತು ‘ತಪ್ಪು’ ಅಂತ ತೀರ್ಮಾನ ಮಾಡಿದವರು ಯಾರು?

ಮಗ್ಗದಮನೆ (ಬನಹಟ್ಟಿ) | ಶುಕ್ರವಾರ, ರಾತ್ರಿ 9:20

ಎಲ್ಲರಿಗೂ ಶರಣು. ಮೂರು ದಿನದಿಂದ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಇಲ್ಲಿ ಶಿಕ್ಷಕರು, ಪತ್ರಿಕೆಯವರು, ಓದುವ ಹುಡುಗರು ಎಲ್ಲರೂ ಇದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಮಗಳು ಎಂಟನೇ ಕ್ಲಾಸು. ಭಾಷಣ ಸ್ಪರ್ಧೆಗೆ ಹೋಗಿದ್ದಳು. ವಿಷಯ ‘ನಮ್ಮ ಊರು, ನಮ್ಮ ಮನೆ’. ಅವಳು ಅಜ್ಜಿಯ ಬಗ್ಗೆ ಹೇಳಿದಳು. ಅಜ್ಜಿ ನಸುಕಿಗೇ ಎದ್ದು ನೂಲಿನ ಕಂಡಿಕೆ ಸುತ್ತುವುದು, ಕರೆಂಟು ಹೋದರೆ ಇಡೀ ಓಣಿಯ ಮಗ್ಗಗಳು ಒಮ್ಮೆಲೇ ಸುಮ್ಮನಾಗುವುದು, ಸದ್ದಿನಲ್ಲಿ ಮಲಗಿದ ಕೂಸು ಸದ್ದು ನಿಂತಾಗ ಎಚ್ಚರಾಗಿ ಅಳುವುದು. ಅಜ್ಜಿಯ ಮಾತು ಬಂದ ಕಡೆ ಅಜ್ಜಿ ಹೇಳುವ ಹಾಗೇ ಹೇಳಿದಳು: ‘ಎಳಿ ಹರೀತಂದ್ರ ಮೊದಲ ಮಗ್ಗ ನಿಲ್ಲಸು, ಆಮ್ಯಾಲ ಅಳು.’

ತೀರ್ಪುಗಾರರು ಚೀಟಿಯಲ್ಲಿ ಬರೆದದ್ದು ಇಷ್ಟೇ: ‘ವಿಷಯ ಚೆನ್ನಾಗಿದೆ. ಗ್ರಾಮ್ಯ ಭಾಷೆ. ಶುದ್ಧ ಕನ್ನಡ ರೂಢಿಸಿಕೊಳ್ಳಬೇಕು.’ 5 ಅಂಕ ಕಡಿಮೆ. ಬಹುಮಾನ ತಪ್ಪಿದ್ದಕ್ಕೆ ನನಗೆ ಬೇಜಾರಿಲ್ಲ. ಮನೆಗೆ ಬಂದವಳು ಅಜ್ಜಿಯನ್ನು ತಿದ್ದಲು ಶುರು ಮಾಡಿದಳು. ‘ನಿಲ್ಲಸು ಅಲ್ಲ ಅಜ್ಜಿ, ನಿಲ್ಲಿಸು.’ ನಮ್ಮ ಅತ್ತೆ ಆ ದಿನವೆಲ್ಲ ಮಾತೇ ಕಡಿಮೆ ಮಾಡಿಬಿಟ್ಟರು. ಎಪ್ಪತ್ತು ದಾಟಿದ ಹೆಣ್ಣುಮಗಳು ತನ್ನ ಮನೆಯಲ್ಲೇ ಬಾಯಿ ತೆರೆಯಲು ಅಳುಕುವುದನ್ನು ನೋಡಿದೆ.

ಹೀಗೆ ಮಾಡಿ ಅಂತ ಯಾವ ಸರ್ಕಾರವೂ ಆದೇಶ ಕೊಟ್ಟಿಲ್ಲ. ನಮ್ಮ ಮಾತಿಗೆ ನಿಷೇಧವೂ ಇಲ್ಲ. ಯಾವ ಮಾತಿಗೆ ಅಂಕ, ಯಾವ ಮಾತಿಗೆ ಮೈಕು, ಯಾವ ಮಾತಿಗೆ ನೌಕರಿ ಅನ್ನುವುದನ್ನು ಎಲ್ಲೋ ಯಾರೋ ಮೊದಲೇ ನಿರ್ಧರಿಸಿಬಿಟ್ಟಿದ್ದಾರೆ. ಉಳಿದದ್ದನ್ನು ನಾವೇ ಮನೆಯಲ್ಲಿ ಮಾಡಿ ಮುಗಿಸುತ್ತೇವೆ. ಇದು ಎಲ್ಲಿಂದ ಶುರುವಾಯಿತು? ತಿಳಿದವರು ಹೇಳಿ.

ಒಕ್ಕುಂದದವನು (ಬೈಲಹೊಂಗಲ) | ಶುಕ್ರವಾರ, ರಾತ್ರಿ 10:45

ತಂಗೀ, ನಾನು 34 ವರ್ಷ ಕನ್ನಡ ಕಲಿಸಿ ನಿವೃತ್ತನಾದವನು. ಇಂಥ ಚೀಟಿಗಳನ್ನು ನಾನೂ ಬರೆದಿದ್ದೇನೆ. ನಿಮ್ಮ ಅತ್ತೆಯವರ ವಿಷಯ ಓದಿ ಮನಸ್ಸಿಗೆ ಬಹಳ ಹತ್ತಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’. 9ನೇ ಶತಮಾನದ್ದು, ರಾಷ್ಟ್ರಕೂಟ ಅರಸ ನೃಪತುಂಗನ ಆಸ್ಥಾನದ್ದು. ಕನ್ನಡದ ತಿರುಳು ಯಾವುದು ಅಂತ ಅದರಲ್ಲಿ ಹೇಳಿದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ನಡುವಿನ ನಾಡು. ಕಿಸುವೊಳಲು ಅಂದರೆ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು. ಒಂಕುಂದ ನಮ್ಮ ಒಕ್ಕುಂದ. ಕೊಪಣ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ. ಅಂದರೆ ಸುಮಾರು 1,150 ವರ್ಷದ ಹಿಂದೆ ‘ಶುದ್ಧ ಕನ್ನಡ ಎಲ್ಲಿದೆ’ ಅಂತ ಕೇಳಿದ್ದರೆ ನಿಮ್ಮ ಅತ್ತೆಯವರ ಸೀಮೆಯ ಕಡೆಗೇ ಬೆರಳು ತೋರಿಸುತ್ತಿದ್ದರು.

ಆದರೆ ಅದೂ ಆಸ್ಥಾನದ ತೀರ್ಮಾನವೇ ಆಗಿತ್ತು, ಮರೆಯಬಾರದು. ಪಟ್ಟದಕಲ್ಲು ಚಾಲುಕ್ಯರು ಪಟ್ಟ ಕಟ್ಟಿಕೊಂಡ ಊರು. ಪಟ್ಟ ಎಲ್ಲಿದೆಯೋ ತಿರುಳೂ ಅಲ್ಲೇ.

ಮುಂದೆ 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಕಂಪನಿ ಸರ್ಕಾರ ಬಂತು. ಕಚೇರಿಯಲ್ಲಿ ಮರಾಠಿ ಇತ್ತು, ಅದನ್ನೇ ಮುಂದುವರಿಸಿದರು. ಶಾಲೆ ತೆರೆದಾಗ ಶಾಲೆಗೂ ಮರಾಠಿಯನ್ನೇ ತಂದರು. ನಮ್ಮ ಇಡೀ ಸೀಮೆಗೆ ಇಂಗ್ಲಿಷರು ಇಟ್ಟ ಹೆಸರು ‘ಸದರ್ನ್ ಮರಾಠಾ ಕಂಟ್ರಿ’. 1882ರಲ್ಲಿ ರೈಲು ಕಂಪನಿ ಕಟ್ಟಿದಾಗ ಅದಕ್ಕೂ ‘ಸದರ್ನ್ ಮರಾಠಾ ರೈಲ್ವೆ’ ಅಂತಲೇ ಹೆಸರು. ನಕ್ಷೆಯಲ್ಲಿ, ಟಿಕೆಟ್‌ನಲ್ಲಿ, ಶಾಲೆಯ ಪುಸ್ತಕದಲ್ಲಿ ಎಲ್ಲೂ ನೀನು ಕನ್ನಡದವನು ಅಂತ ಇಲ್ಲ. ಮನೆಯಲ್ಲಿ ಅವ್ವನ ಜೊತೆ ಕನ್ನಡ ಆಡುವ ಹುಡುಗ ಶಾಲೆಯಲ್ಲಿ ಮರಾಠಿಯಲ್ಲಿ ಮಗ್ಗಿ ಹೇಳುತ್ತಿದ್ದ. ಓದು ಅಂದರೆ ಮರಾಠಿ, ಹೊಲ ಅಂದರೆ ಕನ್ನಡ ಅನ್ನುವ ಭಾವನೆ ಹಾಗೆಯೇ ಬೇರೂರಿತು.

ಇದನ್ನು ತಿರುಗಿಸಿದ್ದು ಹೇಗೆ ಅನ್ನುವುದೇ ನನಗೆ ಮುಖ್ಯ. 1824ರ ಕಿತ್ತೂರಿನ ಯುದ್ಧದಲ್ಲಿ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಅದೇ ಎಲಿಯಟ್ ಮುಂದೆ ಧಾರವಾಡದಲ್ಲಿ ಸ್ವಂತ ಖರ್ಚಿನಿಂದ ಕನ್ನಡ ಶಾಲೆ ತೆರೆದ. ಆಮೇಲೆ ಬಂದವರು ಡೆಪ್ಯುಟಿ ಚನ್ನಬಸಪ್ಪನವರು. ಅವರ ಕೈಯಲ್ಲಿ ಸೈನ್ಯ ಇರಲಿಲ್ಲ. ಇದ್ದದ್ದು ಶಾಲೆ ತಪಾಸಣೆ ಮಾಡುವ ಅಧಿಕಾರ, ಶಿಕ್ಷಕರಿಗೆ ತರಬೇತಿ ಕೊಡುವ ನಾರ್ಮಲ್ ಶಾಲೆ, ಮತ್ತೆ ‘ಮಠಪತ್ರಿಕೆ’. ಆಗ ಶಾಲೆಗೆ ಮಠ ಅನ್ನುತ್ತಿದ್ದರು, ಅದು ಶಿಕ್ಷಕರ ಪತ್ರಿಕೆ. ವೆಂಕಟರಂಗೋ ಕಟ್ಟಿಯವರಂಥವರು ಪಠ್ಯಪುಸ್ತಕ ಬರೆದುಕೊಟ್ಟರು. ಒಂದೊಂದೇ ಮರಾಠಿ ಶಾಲೆ ಕನ್ನಡ ಶಾಲೆಯಾಯಿತು. ಪುಸ್ತಕ, ಶಿಕ್ಷಕ, ಪತ್ರಿಕೆ. ಆಳುವವರು ಯಾವ ದಾರಿಯಲ್ಲಿ ಬಂದಿದ್ದರೋ ಅದೇ ದಾರಿಯಲ್ಲಿ ಇವರೂ ಹೋದರು.

ಖಾನಾಪುರ ಕಾಡಂಚು | ಶನಿವಾರ, ಬೆಳಿಗ್ಗೆ 7:10

ಸರ್, ನಮ್ಮ ಮನೆಮಾತು ಮರಾಠಿ. ಇಂಥ ಚರ್ಚೆಯಲ್ಲಿ ಬಾಯಿ ಬಿಡಲು ಸ್ವಲ್ಪ ಸಂಕೋಚ ಆಗುತ್ತದೆ, ಆದರೂ ಹೇಳುತ್ತೇನೆ. ನೀವು ಹೇಳಿದ ಆ ಶಾಲೆಯ ಮರಾಠಿ ನನ್ನ ಅಜ್ಜನ ಮರಾಠಿ ಅಲ್ಲ. ಅದು ಪುಣೆಯ ಶಾಸ್ತ್ರಿಗಳು ಮತ್ತು ಇಂಗ್ಲಿಷ್ ಅಧಿಕಾರಿಗಳು ಕೂತು ಕಟ್ಟಿದ ಮರಾಠಿ. ಮೋಲ್ಸ್‌ವರ್ತ್‌ನ ಮರಾಠಿ-ಇಂಗ್ಲಿಷ್ ನಿಘಂಟು 1831ರಲ್ಲಿ ಅಚ್ಚಾಯಿತು. ಅದಾದ ಮೇಲೆ ಯಾವುದು ‘ಪ್ರಮಾಣ’ ಮರಾಠಿ, ಯಾವುದು ಅಲ್ಲ ಅನ್ನುವುದು ಗಟ್ಟಿಯಾಗುತ್ತಾ ಹೋಯಿತು. ನಮ್ಮ ಕಡೆಯ ಮರಾಠಿಯಲ್ಲಿ ಕನ್ನಡ ಇದೆ, ಕೊಂಕಣಿ ಇದೆ. ನಾನು ಪುಣೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಬಾಯಿ ತೆರೆದರೆ ಸುತ್ತಲಿನವರು ನಗುತ್ತಿದ್ದರು. ಎರಡು ವರ್ಷದಲ್ಲಿ ನಾನು ನಮ್ಮ ಆಯಿಯ ಹಾಗೆ ಮಾತಾಡುವುದನ್ನೇ ಬಿಟ್ಟೆ.

ಅದಕ್ಕೇ ಇದು ಕನ್ನಡ ಮರಾಠಿ ಜಗಳ ಅಂತ ಮಾತ್ರ ನೋಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಬನಹಟ್ಟಿಯ ಅಜ್ಜಿಗೂ ನಮ್ಮ ಆಯಿಗೂ ಆದದ್ದು ಒಂದೇ.

ಗೋಳಗುಮ್ಮಟದ ನೆರಳು (ವಿಜಯಪುರ) | ಶನಿವಾರ, ಬೆಳಿಗ್ಗೆ 11:30

ಖಾನಾಪುರದ ಅಣ್ಣಾ, ನಿಮ್ಮ ಮಾತಿಗೆ ಮೂರನೆಯದೊಂದು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ದಖನಿ, ಅಂದರೆ ನಮ್ಮ ದಕ್ಷಿಣದ ಕಡೆಯ ಉರ್ದು.

ಒಂದು ಕಾಲಕ್ಕೆ ದಖನಿ ಅರಮನೆಯ ಭಾಷೆ. ಮೊದಲನೇ ಇಬ್ರಾಹಿಂ ಆದಿಲ್‌ಶಾಹಿ ಸರ್ಕಾರಿ ಲೆಕ್ಕಪತ್ರವನ್ನು ಪಾರ್ಸಿಯಿಂದ ತೆಗೆದು ಇಲ್ಲಿನ ಮಾತಿಗೆ ತಂದ. ಆ ಒಂದು ತೀರ್ಮಾನದಿಂದ ಕಚೇರಿಯಲ್ಲಿ ಕೂರುವ ಜನವೇ ಬದಲಾಯಿತು. ಹೊರಗಿನಿಂದ ಬಂದವರ ಜಾಗಕ್ಕೆ ಸ್ಥಳೀಯ ಬ್ರಾಹ್ಮಣ ಕಾರಕೂನರು ಬಂದರು. ಎರಡನೇ ಇಬ್ರಾಹಿಂ ದಖನಿಯಲ್ಲೇ ‘ಕಿತಾಬ್-ಎ-ನವರಸ್’ ಬರೆದ. ಅದರಲ್ಲಿ ಸರಸ್ವತಿಯೂ ಇದ್ದಾಳೆ, ಗಣಪತಿಯೂ ಇದ್ದಾನೆ. ಸೂಫಿಗಳು ಹೆಣ್ಣುಮಕ್ಕಳು ಬೀಸುವಾಗ ಹಾಡಲಿ ಅಂತ ದಖನಿಯಲ್ಲಿ ಚಕ್ಕಿನಾಮಾ ಕಟ್ಟಿದರು. ಅವರಿಗೆ ಗೊತ್ತಿತ್ತು, ಒಂದು ವಿಚಾರ ಮನೆಯೊಳಗೆ ಹೋಗಬೇಕಾದರೆ ಬೀಸುಕಲ್ಲಿನ ಹತ್ತಿರ ಹೋಗಬೇಕು ಅಂತ. ಆ ಕಾಲದ ಮಾಧ್ಯಮ ಅಂದರೆ ಅದೇ ಅಲ್ವಾ?

1686ರಲ್ಲಿ ಔರಂಗಜೇಬ ವಿಜಯಪುರ ಹಿಡಿದ. ಆಸ್ಥಾನ ಹೋಯಿತು, ಕವಿಗಳಿಗೆ ಆಶ್ರಯ ಹೋಯಿತು. ವಲಿ ದಖನಿ ಅನ್ನುವ ಕವಿಯ ಕಾವ್ಯ ದೆಹಲಿ ಮುಟ್ಟಿದಾಗ ಅಲ್ಲಿನವರು ಮೆಚ್ಚಿ ಅದೇ ದಾರಿ ಹಿಡಿದರು. ಆಮೇಲೆ ಅದರಲ್ಲಿದ್ದ ದಖನಿ ಮಾತುಗಳನ್ನು ಒರಟು ಅಂತ ಒಂದೊಂದಾಗಿ ತೆಗೆದರು. ಈಗ ಸಿನಿಮಾದಲ್ಲಿ ದಖನಿ ಬಂದರೆ ನಗಿಸಲಿಕ್ಕೆ ಮಾತ್ರ. ನಮ್ಮ ಅಬ್ಬಾ ಟಿವಿಯಲ್ಲಿ ಅದನ್ನು ನೋಡಿದರೆ ಎದ್ದು ಹೊರಗೆ ಹೋಗುತ್ತಾರೆ.

ಆಲಮಟ್ಟಿ ಹಿನ್ನೀರು | ಶನಿವಾರ, ಮಧ್ಯಾಹ್ನ 3:05

ಎಲ್ಲರ ನೋವೂ ಅರ್ಥವಾಗುತ್ತದೆ, ಆದರೆ ನಾನು ಪೂರ್ತಿ ಒಪ್ಪುವುದಿಲ್ಲ. ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತೇನೆ. 1956ರಲ್ಲಿ ಮುಂಬೈ ಪ್ರಾಂತ, ಹೈದರಾಬಾದ್, ಮೈಸೂರು, ಮದರಾಸು, ಕೊಡಗು ಎಲ್ಲ ಕಡೆಯ ಕನ್ನಡಿಗರು ಒಂದಾದರು. ಎಲ್ಲರಿಗೂ ಒಂದು ಪಠ್ಯಪುಸ್ತಕ ಬೇಕಿತ್ತು. ಮಂಗಳೂರಿನ ಮೇಷ್ಟ್ರು ಇಳಕಲ್‌ನಲ್ಲಿ ಪಾಠ ಮಾಡಬೇಕು, ಇಳಕಲ್‌ನ ಹುಡುಗಿ ಕೋಲಾರದಲ್ಲಿ ತಹಶೀಲ್ದಾರ್ ಆಗಬೇಕು. ಒಂದು ನಡುವಿನ ಭಾಷೆ ಇಲ್ಲದೆ ಇದು ಹೇಗೆ ಆಗುತ್ತದೆ? ನನ್ನ ಹುಡುಗರಿಗೆ ನಡುವಿನ ಕನ್ನಡ ಬರದಿದ್ದರೆ ನಷ್ಟ ಅವರಿಗೇ.

ಇನ್ನೊಂದು, ‘ಆಳುವವರು’ ಅಂತ ಒಂದೇ ಗಂಟು ಕಟ್ಟಬಾರದು. ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ವಕೀಲರು, ಓದಿದವರು, ಸಂಸ್ಥೆ ಕಟ್ಟಿದವರು. ಅವರೂ ಮೇಲಿನ ಪಂಕ್ತಿಯವರೇ. ಸಿರಸಂಗಿ ಲಿಂಗರಾಜ ದೇಸಾಯರು ಜಹಗೀರುದಾರರು. ಅವರ ಆಸ್ತಿ ಮಕ್ಕಳ ಓದಿಗೆ ಹೋಯಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಕಟ್ಟಿದರು. ಇವರೆಲ್ಲ ಸಂಸ್ಕೃತಿಯನ್ನು ಬದಲಾಯಿಸಿದವರೇ. ಆ ಬದಲಾವಣೆ ಬೇಡವಾಗಿತ್ತು ಅಂತ ಯಾರಾದರೂ ಹೇಳುತ್ತೀರಾ? ಘೋಡಗೇರಿಯ ಚಂದ್ರಶೇಖರ ಕಂಬಾರರು ನಮ್ಮ ಮಾತಿನಲ್ಲೇ ಬರೆದು ಜ್ಞಾನಪೀಠ ಪಡೆದರು. 1991ರಲ್ಲಿ ಶುರುವಾದ ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕೆ ಅವರೇ ಮೊದಲ ಕುಲಪತಿ. ಬಾಗಿಲು ಪೂರ್ತಿ ಮುಚ್ಚಿಲ್ಲ.

ಒಕ್ಕುಂದದವನು | ಶನಿವಾರ, ಸಂಜೆ 6:40

ಆಲಮಟ್ಟಿ ತಮ್ಮ, ಬಾಗಿಲು ಮುಚ್ಚಿಲ್ಲ ಅನ್ನುವುದು ನಿಜ. ಹಳಕಟ್ಟಿಯವರ ವಿಷಯ ನೀವೇ ತೆಗೆದಿರಿ, ಅದನ್ನು ಇನ್ನೂ ಸ್ವಲ್ಪ ಬಿಡಿಸಿ ನೋಡೋಣ. ಮನೆಮನೆ ಅಲೆದು, ಜಗುಲಿಯ ಮೇಲೆ ಪೂಜೆಗೆ ಇಟ್ಟಿದ್ದ ತಾಳೆಗರಿಗಳನ್ನು ಕೇಳಿ ಪಡೆದು ಓದಿದವರು ಅವರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಬಂತು. ಬೇರೆಯವರ ಅಚ್ಚುಕೂಟ ನಂಬಿ ಕೂರಲಾಗದೆ ಮನೆ ಮಾರಿ 1925ರಲ್ಲಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ. ಮೇಲಿನ ಪಂಕ್ತಿಯವರೇ ಸರಿ. ಆದರೆ ಆ ಪಂಕ್ತಿಯಿಂದ ಸಿಕ್ಕ ಓದನ್ನು ಅವರು ಯಾವುದಕ್ಕೆ ಖರ್ಚು ಮಾಡಿದರು ನೋಡಿ. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ ಇಂಥವರ ಹೆಸರು ಇವತ್ತು ಶಾಲೆಯ ಮಕ್ಕಳ ಬಾಯಲ್ಲಿ ಇದೆ ಅಂದರೆ ಅದರ ಹಿಂದೆ ಆ ಅಚ್ಚಿನ ಮೊಳೆ ಇದೆ.

ನಡುವಿನ ಭಾಷೆ ಬೇಡ ಅಂತ ನಾನೂ ಹೇಳುವುದಿಲ್ಲ. ಆ ಹುಡುಗಿಗೆ ‘ಇದು ಬರವಣಿಗೆಯ ಕನ್ನಡ, ಅದು ನಿನ್ನ ಅಜ್ಜಿಯ ಕನ್ನಡ, ಎರಡೂ ನಿನಗೆ ಬರಬೇಕು’ ಅಂತ ಹೇಳಬಹುದಿತ್ತು. ನಾವು ಹೇಳಿದ್ದು ‘ನಿನ್ನದು ಅಶುದ್ಧ’ ಅಂತ. ನನಗೆ ಈ ವ್ಯತ್ಯಾಸ ತಿಳಿಯಲು ನಿವೃತ್ತಿಯಾಗಬೇಕಾಯಿತು.

ಡೆಸ್ಕ್ ಬಿಟ್ಟವನು (ಬಾಗಲಕೋಟೆ) | ಶನಿವಾರ, ರಾತ್ರಿ 11:50

ನಾನು ಒಂದು ಸುದ್ದಿ ಚಾನೆಲ್‌ನಲ್ಲಿ ಕೆಲವು ವರ್ಷ ಇದ್ದೆ. ಹೆಸರು ಬೇಡ. 2019ರ ಆಗಸ್ಟ್ ಪ್ರವಾಹದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಏರಿದ್ದು ನಿಮಗೆ ನೆನಪಿದೆ. ಮುಧೋಳದ ಕಡೆ ಒಂದು ಗಂಜಿ ಕೇಂದ್ರದಲ್ಲಿ ಒಬ್ಬ ಹೆಣ್ಣುಮಗಳು ನನ್ನ ಮೈಕಿಗೆ ಮಾತಾಡಿದಳು. ‘ಎಮ್ಮಿ ಹಗ್ಗ ಬಿಚ್ಚಾಕ ಆಗಲಿಲ್ರಿ. ನೀರು ಕುತಗಿಮಟ ಬಂದಿತ್ತು. ಅದು ನನ್ನ ಮಾರಿ ನೋಡಾಕತ್ತಿತ್ತು.’ ನಾಲ್ಕು ನಿಮಿಷ ಮಾತಾಡಿದಳು. ಪರಿಹಾರ ಎಲ್ಲಿ ತಪ್ಪಿತು, ನೀರು ಬಿಡುವ ಮುಂಚೆ ಯಾರು ಹೇಳಲಿಲ್ಲ, ಎಲ್ಲ ಸ್ಪಷ್ಟವಾಗಿ ಹೇಳಿದಳು.

ಡೆಸ್ಕ್‌ನಿಂದ ಫೋನು ಬಂತು. ಮಾತು ಅರ್ಥವಾಗುತ್ತಿಲ್ಲ, ಅಳುವ ಭಾಗ ಮಾತ್ರ ಕಳಿಸು ಅಂದರು. ಕನ್ನಡ ಚಾನೆಲ್‌ನಲ್ಲಿ ಅವಳ ಕನ್ನಡಕ್ಕೆ ಕನ್ನಡದಲ್ಲೇ ಅಡಿಬರಹ ಹಾಕಿ 12 ಸೆಕೆಂಡು ತೋರಿಸಿದರು. ಪರಿಹಾರದ ಮಾತು ಹೋಯಿತು, ಕಣ್ಣೀರು ಉಳಿಯಿತು.

ಇದರ ಹಿಂದೆ ಯಾರೋ ಕೂತು ಸಂಚು ಮಾಡಿರುವುದಿಲ್ಲ. ಡೆಸ್ಕ್‌ನ ಹುಡುಗ ಒಳ್ಳೆಯವನು, ನನ್ನ ಗೆಳೆಯ. ಅವನ ಕಿವಿ ಆ ಮಾತಿಗೆ ಹೊಂದಿಕೊಂಡಿಲ್ಲ ಅಷ್ಟೇ. ಚಾನೆಲ್ ಇರುವ ಊರು, ಜಾಹೀರಾತು ಕೊಡುವವರ ಊರು, ಮಂತ್ರಿಗಳ ಊರು ಎಲ್ಲ ಒಂದೇ. ನಮ್ಮ ಜಿಲ್ಲೆಯಿಂದ ಅವರಿಗೆ ಬೇಕಾಗಿದ್ದು ನೆರೆ, ಬರ, ಕೊಲೆ. ಇಂಡಿ, ಆಲಮೇಲದ ಕಡೆ ಏನೇ ಆದರೂ ‘ಭೀಮಾ ತೀರ’ ಅಂತ ಕೆಂಪು ಅಕ್ಷರ. ಅಲ್ಲಿ ಓದಿದವರಿದ್ದಾರೆ, ಹಾಡುವವರಿದ್ದಾರೆ, ನಿಂಬೆ ಬೆಳೆದು ಊರೂರಿಗೆ ಕಳಿಸುವವರಿದ್ದಾರೆ. ಹತ್ತು ವರ್ಷ ಅದೇ ಅಕ್ಷರ ನೋಡಿದ ಮೇಲೆ ಅಲ್ಲಿನ ಹುಡುಗನಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟ ಆಗುತ್ತದೆ. ಇದು ನಾನು ಕಣ್ಣಾರೆ ಕಂಡದ್ದು.

ಹಳೆಯ ಆಕಾಶವಾಣಿ ಬಗ್ಗೆ ಒಂದು ಮಾತು. ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ನಮ್ಮ ಅಪ್ಪ ಹೊಲದಲ್ಲಿ ರೇಡಿಯೋ ಇಟ್ಟುಕೊಂಡು ರೈತರ ಕಾರ್ಯಕ್ರಮ ಕೇಳುತ್ತಿದ್ದರು. ಅದರಲ್ಲಿ ನಮ್ಮ ಮಾತೇ ಬರುತ್ತಿತ್ತು. ಸುದ್ದಿ ಶುರುವಾದ ಕೂಡಲೇ ಭಾಷೆ ಬದಲಾಗುತ್ತಿತ್ತು. ಬೆಳೆಗೆ ನಮ್ಮ ಮಾತು, ಸುದ್ದಿಗೆ ಅವರ ಮಾತು. ಸಣ್ಣವನಿದ್ದಾಗ ಇದು ಸಹಜ ಅನಿಸುತ್ತಿತ್ತು.

ಹಲಸಂಗಿ ದಾರಿ (ಚಡಚಣ) | ಭಾನುವಾರ, ಬೆಳಿಗ್ಗೆ 8:15

ಅಣ್ಣಾ, ಭೀಮಾ ತೀರದ ಮಾತು ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ನಾನು ಆ ಕಡೆಯವಳೇ. ಸಂಶೋಧನೆ ಮಾಡುತ್ತಿದ್ದೇನೆ.

ನಮ್ಮ ಹಲಸಂಗಿಯಲ್ಲೇ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಅನ್ನುವ ಗೆಳೆಯರು ಸೇರಿ ಹೆಣ್ಣುಮಕ್ಕಳ ಬೀಸುವ ಹಾಡು ಕೂಡಿಸಿದರು. ‘ಗರತಿಯ ಹಾಡು’ 1931ರಲ್ಲಿ ಬಂತು. ಹಳ್ಳಿಯ ಹೆಂಗಸರು ಹಾಡಿದ್ದೂ ಸಾಹಿತ್ಯ ಅಂತ ಅಚ್ಚಿನಲ್ಲಿ ತೋರಿಸಿಕೊಟ್ಟ ಪುಸ್ತಕ ಅದು. ನನಗೆ ಆ ಪುಸ್ತಕ ಅಂದರೆ ಪ್ರಾಣ. ಆದರೂ ಹೆಸರು ನೋಡಿ, ‘ಗರತಿ’. ಆ ಕಾಲದ ಓದಿದವರು ಒಪ್ಪಬೇಕಾದರೆ ಹಾಡುವವಳು ಮೊದಲು ಗರತಿ ಆಗಬೇಕಿತ್ತು ಅಂತ ನನಗೆ ಅನಿಸುತ್ತದೆ.

ನಾನು ಕೂಡಿಸಿದ ಹಾಡುಗಳಲ್ಲಿ ನಮ್ಮ ಚಿಕ್ಕಜ್ಜಿ ಹಾಡಿದ್ದು ಒಂದಿದೆ. ಗಂಡನಿಗೆ, ಅತ್ತೆಗೆ, ಊರ ಗೌಡನಿಗೆ ನೇರವಾಗಿ ಬಯ್ಯುವ ಹಾಡು. ಗೈಡ್ ಹೇಳಿದರು, ಇದು ಪ್ರಬಂಧಕ್ಕೆ ಬೇಡ, ಸಭ್ಯವಲ್ಲ, ಉಳಿದ ಹಾಡುಗಳ ಭಾಷೆಯನ್ನೂ ಸ್ವಲ್ಪ ಶುದ್ಧ ಮಾಡು ಅಂತ. ಅವರಿಗೆ ಕೆಟ್ಟ ಮನಸ್ಸಿಲ್ಲ. ಪರೀಕ್ಷಕರು ಹೊರಗಿನವರು ಬರುತ್ತಾರೆ, ಸಣ್ಣ ಮಾತಿಗೂ ವಾಪಸ್ ಕಳಿಸುತ್ತಾರೆ ಅಂತ ಅವರ ಭಯ. ಆಮೇಲೆ ಯಾವ ಪತ್ರಿಕೆಯಲ್ಲಿ ಲೇಖನ ಬಂತು ಅಂತ ಲೆಕ್ಕ ಹಾಕುತ್ತಾರೆ. ಹೀಗೆ ಒಂದು ಹಾಡು ಸುಮ್ನೆ ಕೆಳಗೆ ಉಳಿದುಬಿಡುತ್ತದೆ. ಐವತ್ತು ವರ್ಷದ ನಂತರ ಓದುವವರಿಗೆ, ಈ ಕಡೆಯ ಹೆಣ್ಣುಮಕ್ಕಳು ಬೈದೇ ಇಲ್ಲ, ಎಲ್ಲ ಸಹಿಸಿಕೊಂಡರು ಅಂತ ಕಾಣುತ್ತದೆ.

ಆ ಹಾಡನ್ನು ನಾನು ಬಿಟ್ಟಿಲ್ಲ. ಅನುಬಂಧದಲ್ಲಿ ಚಿಕ್ಕಜ್ಜಿ ಹಾಡಿದ ಹಾಗೇ ಹಾಕುತ್ತೇನೆ ಅಂತ ಹೇಳಿದ್ದೇನೆ. ಗೈಡ್ ಇನ್ನೂ ಹೂಂ ಅಂದಿಲ್ಲ.

ಆಲಮಟ್ಟಿ ಹಿನ್ನೀರು | ಭಾನುವಾರ, ಬೆಳಿಗ್ಗೆ 9:30

ತಂಗಿ, ಹಾಕಲೇಬೇಕು. ನಿನ್ನೆ ನಾನು ಬರೆದದ್ದರಲ್ಲಿ ನಡುವಿನ ಭಾಷೆಯ ಮಾತನ್ನು ಬಿಡುವುದಿಲ್ಲ, ಆದರೆ ಈ ಹಾಡಿನ ವಿಷಯ ಓದಿದ ಮೇಲೆ ಒಂದು ಹೊಳೆಯಿತು. 2022ರಲ್ಲಿ ಪಠ್ಯ ಪರಿಷ್ಕರಣೆ ಗಲಾಟೆ ಆಯಿತಲ್ಲ, ಬಸವಣ್ಣನವರ ಪಾಠದ ಸಾಲುಗಳ ಬಗ್ಗೆ ಮಠಾಧೀಶರು ಆಕ್ಷೇಪ ಎತ್ತಿದರು, ಸಮಿತಿಯನ್ನೇ ವಿಸರ್ಜಿಸಿದರು. 2023ರಲ್ಲಿ ಸರ್ಕಾರ ಬದಲಾಯಿತು, ಪಾಠವೂ ಮತ್ತೆ ಬದಲಾಯಿತು. ಯಾರು ಸರಿ ಅನ್ನುವುದನ್ನು ಇಲ್ಲಿ ತೆಗೆಯುವುದಿಲ್ಲ. ಒಂದು ಪಾಠದ ನಾಲ್ಕು ಸಾಲಿಗೆ ಮಂತ್ರಿಗಳು, ಮಠಗಳು, ಪಕ್ಷಗಳು ಎಲ್ಲ ಬೀದಿಗೆ ಬಂದವು. ಪಠ್ಯಕ್ಕೆ ಎಷ್ಟು ಬಲ ಇದೆ ಅಂತ ಅವರಿಗೆ ಗೊತ್ತು. ನಿನ್ನ ಚಿಕ್ಕಜ್ಜಿಯ ಹಾಡಿನ ಪರ ನಿಲ್ಲಲು ಮಾತ್ರ ಯಾವ ಪಕ್ಷವೂ ಇಲ್ಲ.

ಮಗ್ಗದಮನೆ | ಭಾನುವಾರ, ರಾತ್ರಿ 8:00

ಎಲ್ಲರಿಗೂ ತುಂಬ ಧನ್ಯವಾದ. ಗುರುಗಳು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಪಟ್ಟದಕಲ್ಲು, ಒಕ್ಕುಂದ ಅಂದಾಗ ನಕ್ಷೆ ತಂದು ಬೆರಳಿಟ್ಟು ನೋಡಿದಳು. ‘ಹಾಗಾದರೆ ಅಜ್ಜಿ ತಿರುಳಿನ ಹತ್ತಿರದವರಾ?’ ಅಂತ ಕೇಳಿದಳು. ಹೌದು ಅಂದೆ.

ಇವತ್ತು ಆ ತೀರ್ಪುಗಾರರ ಹತ್ತಿರವೂ ಹೋಗಿದ್ದೆ. ಜಗಳಕ್ಕೆ ಅಲ್ಲ. ಅವರೂ ಈ ಸೀಮೆಯವರೇ. ಚಹಾ ಕೊಟ್ಟರು. ಶಿಕ್ಷಕರ ತರಬೇತಿಯಲ್ಲಿ ‘ಹೋಗ್ಯಾನ’ ಅಂದದ್ದಕ್ಕೆ ಅವರನ್ನು ತರಗತಿಯ ಮುಂದೆ ನಿಲ್ಲಿಸಿದ್ದರಂತೆ. ಅದನ್ನು ಹೇಳುವಾಗ ಅವರ ದನಿ ಸಣ್ಣಗಾಯಿತು. ಮುಂದಿನ ಸಲ ಬೇರೆ ಥರ ನೋಡುತ್ತೇನೆ ಅಂದರು. ಅಂಕ ತಿದ್ದಿ ಅಂತ ನಾನು ಕೇಳಲಿಲ್ಲ.

ಈಗ ಒಂದು ಸಹಾಯ ಬೇಕು. ಹಲಸಂಗಿಯ ತಂಗಿಯ ಪೋಸ್ಟ್ ಓದಿ ಹೇಳಿದ ಮೇಲೆ ಅತ್ತೆ ತಾವಾಗಿಯೇ ಎರಡು ಹಾಡು ಹೇಳಿದರು. ಇನ್ನೂ ಇವೆಯಂತೆ. ಮೊಬೈಲ್‌ನಲ್ಲಿ ಹಿಡಿಯಲು ನೋಡಿದೆ, ಮಗ್ಗದ ಸದ್ದು ಜಾಸ್ತಿ, ಮಾತು ಕೇಳಿಸುತ್ತಿಲ್ಲ. ಮಗ್ಗ ನಿಲ್ಲಿಸುತ್ತೇವೆ ಅಂದರೆ ಅವರು ಕೇಳುವುದಿಲ್ಲ. ಆ ಸದ್ದು ಇಲ್ಲದೆ ಹಾಡು ನೆನಪಿಗೆ ಬರುವುದಿಲ್ಲ ಅನ್ನುತ್ತಾರೆ.

ಡೆಸ್ಕ್ ಬಿಟ್ಟವನು | ಭಾನುವಾರ, ರಾತ್ರಿ 8:25

ಅಕ್ಕಾರೆ, ಸೀರೆಯ ಸೆರಗಿಗೆ ಸಿಕ್ಕಿಸುವ ಎರಡು ಸಣ್ಣ ಮೈಕು ನನ್ನ ಹತ್ತಿರ ಇವೆ. ಬಾಯಿಗೆ ಹತ್ತಿರ ಇಟ್ಟರೆ ಸದ್ದಿನ ನಡುವೆಯೂ ಮಾತು ಹಿಡಿಯುತ್ತವೆ. ಮಂಗಳವಾರ ಬೆಳಿಗ್ಗೆ ಮಹಾಲಿಂಗಪುರದ ಬಸ್ಸು ಹಿಡಿದು ಬರುತ್ತೇನೆ. ಮಗ್ಗ ನಡೆಯುತ್ತಲೇ ಇರಲಿ. ಹಲಸಂಗಿಯ ತಂಗಿಗೆ ಬಿಡುವಿದ್ದರೆ ಅವರೂ ಬರಲಿ, ಹಾಡು ಬರೆದುಕೊಳ್ಳಲು ಒಬ್ಬರು ಬೇಕು.

ಹಲಸಂಗಿ ದಾರಿ | ಭಾನುವಾರ, ರಾತ್ರಿ 8:31

ಬರುತ್ತೇನೆ ಅಣ್ಣಾ. ನೋಟ್‌ಬುಕ್ ತರುತ್ತೇನೆ. ಅಜ್ಜಿ ‘ನಿಲ್ಲಸು’ ಅಂದರೆ ‘ನಿಲ್ಲಸು’ ಅಂತಲೇ ಬರೆಯುತ್ತೇನೆ.